ಎಕ್ಸೆಲ್ ಹಾಳೆಯಲ್ಲಿ ರಾತ್ರಿ

ಎರಡು ವರ್ಷದಿಂದ ನಮ್ಮ ಸಪೋರ್ಟ್ ಟೀಮಿನ ಶಿಫ್ಟ್ ಪಟ್ಟಿ ಮಾಡೋದು ನನ್ನ ಕೆಲಸ. ಒಂಬತ್ತು ಜನ, ಮೂರು ಪಾಳಿ, ವಾರಕ್ಕೊಮ್ಮೆ ಬದಲು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಮ್ಮಿ ಇಲ್ಲ. ಆ ಎಕ್ಸೆಲ್ ಹಾಳೆಯ ಬಗ್ಗೆ ನನಗೊಂದು ಸಣ್ಣ ಹೆಮ್ಮೆಯೂ ಇತ್ತು. ಎಲ್ಲರಿಗೂ ಸಮಪಾಲು, ಇನ್ನೇನು ಬೇಕು?

ಮೊನ್ನೆ ಟೀಮಿನ ಹುಡುಗನೊಬ್ಬ ನೈಟ್ ಶಿಫ್ಟ್ ಮುಗಿಸಿ ಬೈಕಿನಲ್ಲಿ ಮನೆಗೆ ಹೋಗುವಾಗ ಒಂದು ಕ್ಷಣ ಕಣ್ಣು ಮುಚ್ಚಿ ಡಿವೈಡರ್‌ಗೆ ಗುದ್ದಿದ. ಮೊಣಕೈ ಮೂಳೆ ಬಿರುಕು ಬಿಟ್ಟಿತ್ತು. ನೋಡೋಕೆ ಹೋದಾಗ ಅವನೇನೂ ದೂರಲಿಲ್ಲ. “ಸರ್, ನೈಟ್ ಕಷ್ಟ ಅಲ್ಲ. ಒಗ್ಗಿಕೊಳ್ಳೋ ಹೊತ್ತಿಗೆ ಬದಲಾಗಿಬಿಡತ್ತೆ, ಅದು ಕಷ್ಟ” ಅಂದ. ಎರಡು ತಿಂಗಳ ಹಿಂದೆಯೂ ಇದನ್ನೇ ಹೇಳಿದ್ದ. ಆಗ ನಾನು ಬೆಂಗಳೂರಿನ ಹಳೇ ಮಂತ್ರ ಹೇಳಿದ್ದೆ: “ಸ್ವಲ್ಪ ಅಡ್ಜಸ್ಟ್ ಮಾಡ್ಕೋ.”

ಈ ಅಡ್ಜಸ್ಟ್ ಅನ್ನೋದು ದೇಹಕ್ಕೆ ಎಷ್ಟು ಸಾಧ್ಯ ಅಂತ ಆಮೇಲೆ ಓದಿದೆ. 1729ರಲ್ಲಿ ಡಿ ಮೈರಾನ್ ಎಂಬ ಫ್ರೆಂಚ್ ವಿಜ್ಞಾನಿ ನಮ್ಮ ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಕತ್ತಲಲ್ಲಿಟ್ಟು ನೋಡಿದನಂತೆ. ಬಿಸಿಲೇ ಕಾಣದಿದ್ದರೂ ಅದು ಹಗಲಿನ ಹೊತ್ತಿಗೆ ಎಲೆ ಬಿಚ್ಚಿ ರಾತ್ರಿಗೆ ಮಡಚುತ್ತಿತ್ತು. ನಮ್ಮೊಳಗೂ ಅಂಥದ್ದೊಂದು ಗಡಿಯಾರವಿದೆ. ಮಿದುಳಿನ ಹೈಪೋಥಲಾಮಸ್‌ನಲ್ಲಿ ಸುಮಾರು 20,000 ನರಕೋಶಗಳ ಪುಟ್ಟ ಗುಂಪು ಅದನ್ನು ನಡೆಸುತ್ತದೆ. ಕೋಶದೊಳಗೆ ಕೆಲವು ಜೀನ್‌ಗಳು ಪ್ರೋಟೀನ್ ತಯಾರಿಸುತ್ತವೆ. ಅದು ಸಾಕಷ್ಟು ಸೇರಿದಾಗ ತನ್ನನ್ನು ಹುಟ್ಟಿಸಿದ ಜೀನ್‌ನ ಬಾಯನ್ನೇ ಮುಚ್ಚಿಸುತ್ತದೆ. ನಿಧಾನಕ್ಕೆ ಕರಗಿದ ಮೇಲೆ ಮತ್ತೆ ಶುರು. ಹಣ್ಣುನೊಣಗಳಲ್ಲಿ ಈ ಸುತ್ತನ್ನು ಬಿಡಿಸಿ ತೋರಿಸಿದ ಹಾಲ್, ರಾಸ್‌ಬ್ಯಾಶ್ ಮತ್ತು ಯಂಗ್ ಅವರಿಗೆ 2017ರ ನೊಬೆಲ್ ಬಂತು.

ಮನುಷ್ಯರಲ್ಲಿ ಈ ಸುತ್ತು ಸರಾಸರಿ 24 ಗಂಟೆಗಿಂತ ತುಸು ಹೆಚ್ಚು. ಕಣ್ಣಿಗೆ ಬೀಳುವ ಬೆಳಕು ಅದನ್ನು ದಿನಾ ತಿದ್ದುತ್ತದೆ. ಆದರೆ ತಿದ್ದುವುದು ಅಂದಾಜು ದಿನಕ್ಕೆ ಒಂದು ಗಂಟೆಯಷ್ಟು ಮಾತ್ರ. ಪಾಳಿಯನ್ನು ಎಂಟು ಗಂಟೆ ಸರಿಸಿದರೆ ಒಂದು ವಾರಕ್ಕಿಂತ ಹೆಚ್ಚೇ ಬೇಕು. ನನ್ನ ಹಾಳೆ ಕೊಡುತ್ತಿದ್ದದ್ದು ಒಂದೇ ವಾರ. ಅದರ ಮೇಲೆ, ಬೆಳಗ್ಗೆ ಮನೆಗೆ ಹೋಗುವ ದಾರಿಯ ಬಿಸಿಲು ಗಡಿಯಾರವನ್ನು ಮತ್ತೆ ಹಗಲಿನ ಕಡೆಗೇ ಎಳೆಯುತ್ತದೆ. ಅಂದರೆ ಒಂಬತ್ತು ಜನರಲ್ಲಿ ಯಾರೂ ಯಾವ ಪಾಳಿಗೂ ಒಗ್ಗದ ಹಾಗೆ ನಾನು ನೀಟಾಗಿ ನೋಡಿಕೊಂಡಿದ್ದೆ.

ಹಾಗಾದರೆ ನ್ಯಾಯ ಯಾವುದು? ಎಲ್ಲರನ್ನೂ ಕೂರಿಸಿ ಕೇಳಿದೆ. ಮೂವರು ಖಾಯಂ ನೈಟ್‌ಗೆ ಒಪ್ಪಿದರು. ಇಬ್ಬರು ಮೊದಲಿಂದಲೂ ಗೂಬೆಗಳು, ಎರಡು ಗಂಟೆಗೆ ಮುಂಚೆ ನಿದ್ದೆಯೇ ಬರಲ್ಲ. ಮೂರನೆಯವನು, “ಅಲವೆನ್ಸ್ ಸಿಗತ್ತಲ್ಲ ಸರ್, ತಂಗಿ ಫೀಸ್ ಕಟ್ಟಬೇಕು” ಅಂದ.

ನಾನು ಸಿಕ್ಕಿಕೊಂಡಿದ್ದು ಇಲ್ಲೇ. ದೇಹದ ಲಯ ಕೆಡಿಸುವ ಪಾಳಿ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೇ ‘ಬಹುಶಃ ಕ್ಯಾನ್ಸರ್‌ಕಾರಕ’ ಪಟ್ಟಿಗೆ ಸೇರಿಸಿದೆ. ಅವನ ಒಳ್ಳೇದಕ್ಕೇ ಅಂತ ಬೇಡ ಅಂದರೆ ಅವನ ಬದುಕನ್ನು ನಾನು ತೀರ್ಮಾನಿಸಿದ ಹಾಗೆ. ಸರಿ ಅಂದರೆ ಅವನ ಕಷ್ಟ ನೋಡಿ ಅವನ ರಾತ್ರಿ ಕೊಂಡ ಹಾಗೆ. ಅವನು ಒಪ್ಪಿದ್ದಾನೆ ನಿಜ, ಆದರೆ ಅವನ ಮೈಯನ್ನು ಯಾರೂ ಕೇಳಿಲ್ಲ. ಓದಿದ್ದನ್ನೆಲ್ಲ ಅವನಿಗೆ ಹೇಳಿದೆ. ಅವನು ನಕ್ಕು, “ಗೊತ್ತು ಸರ್” ಅಂದ.

ಆ ರಾತ್ರಿ ಕೂತು ಮೂರು ತಿಂಗಳ ನೈಟ್ ಟಿಕೆಟ್‌ಗಳನ್ನು ತೆಗೆದು ನೋಡಿದೆ. ಆಸ್ಪತ್ರೆಯಲ್ಲಿ ರಾತ್ರಿ ಯಾರೋ ಎಚ್ಚರವಿರಲೇಬೇಕು. ನಮ್ಮಲ್ಲಿ? ಪಾಸ್‌ವರ್ಡ್ ಮರೆತವರು, ರಿಪೋರ್ಟ್‌ನ ಬಣ್ಣ ಬದಲಿಸಿ ಅಂದವರು. ಅರ್ಧಕ್ಕಿಂತ ಹೆಚ್ಚು ಕೆಲಸ ಬೆಳಗಿನವರೆಗೆ ಕಾಯಬಹುದಿತ್ತು. ರಾತ್ರಿಯನ್ನು ಹೇಗೆ ಹಂಚೋದು ಅಂತ ಎರಡು ವರ್ಷ ತಲೆ ಕೆಡಿಸಿಕೊಂಡ ನಾನು, ಇಷ್ಟು ರಾತ್ರಿ ಯಾಕೆ ಬೇಕು ಅಂತ ಒಮ್ಮೆಯೂ ಕೇಳಿರಲಿಲ್ಲ. ಹಾಳೆ ನನ್ನ ಕೈಗೆ ಬಂದಾಗಲೇ ಅದರಲ್ಲಿ ಮೂರು ಕಾಲಂ ಇದ್ದವು.

ನೈಟ್‌ಗೆ ಮೂವರ ಬದಲು ಒಬ್ಬರು ಸಾಕು, ಅವರಿಗೆ ಮನೆ ತನಕ ಕ್ಯಾಬ್ ಬೇಕು, ಅಲವೆನ್ಸ್ ಹೆಚ್ಚಿಸಬೇಕು ಅಂತ ಮ್ಯಾನೇಜರ್‌ಗೆ ಮೇಲ್ ಹಾಕಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಒಂದು ನಿಯಮ ಮಾಡಿಕೊಂಡಿದ್ದೇನೆ: ನೈಟ್ ಮಾಡಿದವರಿಗೆ ಮಧ್ಯಾಹ್ನ ಮೂರರವರೆಗೆ ನನ್ನಿಂದ ಒಂದು ಕಾಲ್ ಕೂಡ ಹೋಗಬಾರದು.