ವೇಣಾಡ್ ಸೌತ್‌ಗೆ ಹೋಗಲ್ಲ

ನಾವಿರುವುದು ಏಲೂರಿನಲ್ಲಿ, ಪೆರಿಯಾರ್ ದಂಡೆಯ ಗೊಬ್ಬರದ ಕಾರ್ಖಾನೆಯ ಊರು. ನನ್ನ ಕೆಲಸ ಕಾಕ್ಕನಾಡಿನ ಇನ್ಫೋಪಾರ್ಕಿನಲ್ಲಿ. ಮಗನಿಗೆ ಹದಿನಾರು, ಆಟಿಸಂ ಇದೆ. ಅವನಿಗೊಬ್ಬ ಗೆಳೆಯನಿದ್ದಾನೆ, ತಿರುವನಂತಪುರದ ಹುಡುಗ, ಅವನಿಗೂ ಆಟಿಸಂ. ಇಬ್ಬರೂ ವಾಟ್ಸಾಪಿನಲ್ಲಿ ಮಾತಾಡುವುದು ರೈಲಿನ ಬಗ್ಗೆ ಮಾತ್ರ.

2024ರ ಮೇ ತಿಂಗಳಲ್ಲಿ ವೇಣಾಡ್ ಎಕ್ಸ್‌ಪ್ರೆಸ್ ಎರ್ನಾಕುಲಂ ಸೌತ್ ಬಿಟ್ಟು ನಾರ್ತ್ ಮೂಲಕವೇ ಓಡತೊಡಗಿತು. ಇವನು ಇಂಗ್ಲಿಷಿನಲ್ಲಿ ಬರೆದ: "ವೇಣಾಡ್ ಸೌತ್‌ಗೆ ಹೋಗಲ್ಲ. ತಪ್ಪು." ಅವನ ಉತ್ತರ: "ತಪ್ಪು." ಆ ದಿನ ಆ ಒಂದೇ ಪದ ಅಲ್ಲಿಂದಿಲ್ಲಿಗೆ ಹದಿನೇಳು ಸಲ ಓಡಾಡಿತ್ತು.

"ಊಟ ಆಯ್ತಾ ಅಂತಾದ್ರೂ ಕೇಳ್ಬಾರ್ದಾ ಇವ್ರು?" ಎನ್ನುತ್ತಾಳೆ ನನ್ನ ಹೆಂಡತಿ. ಲಾಭಕ್ಕಾಗಿ, ಸಂತೋಷಕ್ಕಾಗಿ, ಒಳ್ಳೆಯತನಕ್ಕಾಗಿ ಎಂದು ಸ್ನೇಹವನ್ನು ಮೂರು ಬಗೆ ಮಾಡಿದ್ದ ಅರಿಸ್ಟಾಟಲ್. ಇದನ್ನು ನಾನು ಎರಡನೆಯದಕ್ಕೆ ಹಾಕಿ ಸುಮ್ಮನಿದ್ದೆ. ಆದರೆ ಸಾವಿನ ಮನೆಗೆ ಹೋದಾಗ ನಾವು ಮಾಡುವುದೂ ಅಷ್ಟೇ ಅಲ್ಲವೇ? "ಹೀಗಾಗಬಾರದಿತ್ತು" ಎಂದು ಒಬ್ಬರು, "ಆಗಬಾರದಿತ್ತು" ಎಂದು ಇನ್ನೊಬ್ಬರು.

ಸ್ವತಃ ಆಟಿಸಂ ಇರುವ ಡೇಮಿಯನ್ ಮಿಲ್ಟನ್ 2012ರಲ್ಲೇ ಬರೆದರು: ಅರ್ಥವಾಗದಿರುವುದು ಒಂದು ಕಡೆಯ ಕೊರತೆಯಲ್ಲ, ಎರಡೂ ಕಡೆಯದು. 2020ರಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು ಒಂದು ಕತೆಯನ್ನು ಒಬ್ಬರಿಂದೊಬ್ಬರಿಗೆ ಹೇಳಿಸಿ ನೋಡಿದರು. ಆಟಿಸಂ ಇರುವವರೇ ಇದ್ದ ಸಾಲಿನಲ್ಲಿ ಕತೆ ಇತರರ ಸಾಲಿನಷ್ಟೇ ಚೆನ್ನಾಗಿ ಉಳಿಯಿತು. ಹೆಚ್ಚು ಸೋರಿದ್ದು ಇಬ್ಬರನ್ನೂ ಬೆರೆಸಿದ ಸಾಲಿನಲ್ಲಿ. ನಮ್ಮ ಮನೆಯೂ ಬೆರೆಸಿದ ಸಾಲೇ.

ಹದಿನೇಳು ಸಲ ಅಂತ ನನಗೆ ಹೇಗೆ ಗೊತ್ತು? ಅವನು ಮಲಗಿದ ಮೇಲೆ ಫೋನ್ ತೆಗೆದು ಎಣಿಸಿದೆ. ಅದಕ್ಕೆ ಕಾರಣವಿತ್ತು. ಯಾವುದೋ ಗ್ರೂಪಿನಲ್ಲಿ ಸಿಕ್ಕ ಒಬ್ಬ "ಫ್ರೆಂಡ್ ಆದ್ರೆ 500 ಕಳಿಸು" ಎಂದಿದ್ದ. ಇವನು ಕಳಿಸಿದ್ದ. ಫ್ರೆಂಡ್ ಅಂದರೆ ಫ್ರೆಂಡ್, ಅವನ ಲೆಕ್ಕದಲ್ಲಿ ಮಾತಿಗೆ ಇನ್ನೊಂದು ಅರ್ಥವಿಲ್ಲ. ಅಂದಿನಿಂದ ಓದುತ್ತಿದ್ದೇನೆ. ಆದರೆ ಅವನ ಅಕ್ಕನ ಫೋನನ್ನು ಅದೇ ವಯಸ್ಸಿನಲ್ಲಿ ನಾನು ಮುಟ್ಟಿದವನಲ್ಲ. ಅವಳೂ ಮೋಸ ಹೋಗಬಹುದಿತ್ತು. ಕಾಪಾಡುವ ನೆಪದಲ್ಲಿ ಇವನಿಗೆ ಮಾತ್ರ ಗುಟ್ಟೇ ಇರಬಾರದು ಎಂದು ತೀರ್ಮಾನಿಸಿದ್ದು ಯಾರು? ನಾನೇ.

ಕಳೆದ ಭಾನುವಾರ ಎಲ್ಲವನ್ನೂ ಹೇಳಿದೆ. "ಇಷ್ಟು ದಿನ ನಿನ್ನ ಮೆಸೇಜ್ ಓದ್ತಿದ್ದೆ ಮಗಾ. ಇನ್ಮೇಲೆ ಓದ್ಲಾ?"

ತುಂಬ ಹೊತ್ತು ಫ್ಯಾನ್ ನೋಡಿದ. "ದುಡ್ಡು ಕೇಳಿದ್ರೆ ತೋರಿಸ್ತೀನಿ. ವೇಣಾಡ್ ತೋರಿಸಲ್ಲ" ಎಂದ.

ಒಪ್ಪಿಕೊಂಡೆ. ಈಗ ರಾತ್ರಿ ಅವನ ಫೋನ್ ಹಾಲ್‌ನಲ್ಲಿ ಚಾರ್ಜಿಗಿರುತ್ತದೆ. ಪಾಸ್‌ವರ್ಡ್ ಅವನು ಬದಲಿಸಿಲ್ಲ.