ಗೃಹಿಣಿಯ ಹಸಿವು

ರಾತ್ರಿಯ ಊಟದ ಹೊತ್ತಿಗೆ ಅಕಸ್ಮಾತ್ತಾಗಿ ನೆಂಟರು ಬಂದರೆ, ಅನ್ನದ ಪಾತ್ರೆಯ ತಳವನ್ನು ಬಲ್ಲವಳು ಗೃಹಿಣಿಯೊಬ್ಬಳೇ. ಎಲ್ಲರಿಗೂ ಬಡಿಸಿ, ‘ನನಗೇಕೋ ಹಸಿವಿಲ್ಲ’ ಎಂದು ಮಜ್ಜಿಗೆ ಕುಡಿದು ಮಲಗುವಳು. ಇದು ಅಸತ್ಯವೇ? ಹೌದೆನ್ನಬೇಕಾದೀತು, ಆದರೆ ಅದರ ದೋಷವು ಆಡಿದವಳಿಗಿಂತ ಸುಲಭವಾಗಿ ನಂಬಿದವರಿಗೇ ಹೆಚ್ಚು ತಗುಲತಕ್ಕದ್ದು.

ಮನುಸ್ಮೃತಿಯ 3ನೆಯ ಅಧ್ಯಾಯವು ನವವಧು, ಕನ್ಯೆ, ರೋಗಿ, ಗರ್ಭಿಣಿ ಇವರಿಗೆ ಅತಿಥಿಗಿಂತಲೂ ಮೊದಲು ಉಣಬಡಿಸಬೇಕೆನ್ನುತ್ತದೆ. ಎಲ್ಲರದೂ ಆದ ಮೇಲೆ ಉಳಿದುದನ್ನು ಉಣ್ಣತಕ್ಕವರು ದಂಪತಿಗಳು. ಅಲ್ಲಿರುವುದು ದ್ವಿವಚನ! ಅತಿಥಿಯ ಪಕ್ಕದಲ್ಲಿಯೇ ಎಲೆ ಹಾಕಿಸಿಕೊಂಡು ಎರಡನೆಯ ಸಲ ಸಾರನ್ನ ಕಲಸುವ ಯಜಮಾನನಿಗೆ ಈ ವ್ಯಾಕರಣವು ನೆನಪಾಗುವುದಿಲ್ಲ.

ಅಂತಹ ಒಂದು ರಾತ್ರಿ, ಏಳು ವರ್ಷದ ಮಗಳು ಕೈತೊಳೆದು ಒಳಗೆ ಬಂದು, ಪಾತ್ರೆಯ ಮುಚ್ಚಳವನ್ನೆತ್ತಿ ನೋಡಿದಳು. ‘ಅಮ್ಮಾ, ನಿನಗೆ ಅನ್ನವೆಲ್ಲಿ?’ ಎಂದಳು. ನಡುಮನೆಯಲ್ಲಿ ಮಾತು ನಿಂತಿತು.