ವೇಷ ಹಾಕದ ಮಗು

ನಿಮ್ಮ ಮನೆಯಲ್ಲಿ ಎಲಿಮೆಂಟರಿ ಸ್ಕೂಲಿಗೆ ಹೋಗುವ ಮಗುವಿದ್ದರೆ, ಅದರಲ್ಲೂ ನೀವು ಬೆಲ್‌ವ್ಯೂ, ಸಮಾಮಿಶ್, ರೆಡ್ಮಂಡ್, ಬಾಥೆಲ್ ಕಡೆಯವರಾಗಿದ್ದರೆ, ಈ ಇಮೇಲ್ ನಿಮಗೆ ಚೆನ್ನಾಗಿ ಗೊತ್ತು. ಮುಂದಿನ ವಾರ ಸ್ಪಿರಿಟ್ ವೀಕ್. ಸೋಮವಾರ ಪೈಜಾಮಾ ಡೇ. ಮಂಗಳವಾರ ತಲೆಗೂದಲನ್ನು ಹೇಗೆ ಬೇಕೋ ಹಾಗೆ ಕೆದರಿಕೊಂಡು ಬರುವ ಕ್ರೇಜಿ ಹೇರ್ ಡೇ. ಬುಧವಾರ ಒಂದಕ್ಕೊಂದು ಹೊಂದದ ಕಾಲುಚೀಲ. ಗುರುವಾರ ಟ್ವಿನ್ ಡೇ, ಅಂದರೆ ಗೆಳೆಯನೋ ಗೆಳತಿಯೋ ಹಾಕಿದಂಥದ್ದೇ ಬಟ್ಟೆ ಹಾಕಿಕೊಂಡು ಅವಳಿಗಳ ಹಾಗೆ ಬರಬೇಕು. ಶುಕ್ರವಾರ ಸೀಹಾಕ್ಸ್ ಜೆರ್ಸಿ, ಯಾಕಂದ್ರೆ ಫುಟ್‌ಬಾಲ್ ಸೀಸನ್ನಿನ ಶುಕ್ರವಾರಕ್ಕೆ ಈ ಊರಲ್ಲಿ ಬ್ಲೂ ಫ್ರೈಡೇ ಅಂತಲೇ ಹೆಸರು. ಇಷ್ಟೆಲ್ಲ ಹೇಳಿ ಕೊನೆಗೆ ಒಂದು ಸಾಲು: ಭಾಗವಹಿಸುವುದು ಕಡ್ಡಾಯವಲ್ಲ.

ಇವತ್ತಿನ ಮಾತೆಲ್ಲ ಆ ಕೊನೆಯ ಸಾಲಿನ ಬಗ್ಗೆ.

ಈ ದಿನಗಳ ಬಗ್ಗೆ ಪಾಲಕರ ನಡುವೆ ಜಗಳ ನಡೀತಾನೇ ಇರುತ್ತೆ. ಮಕ್ಕಳು ವರ್ಷದಲ್ಲಿ ನಾಲ್ಕು ದಿನ ಹುಚ್ಚುಚ್ಚಾಗಿ ನಕ್ಕರೆ ನಿಮ್ಮ ಗಂಟೇನು ಹೋಗುತ್ತೆ ಅಂತ ಕೇಳುವವರು ಒಂದು ಕಡೆ. ನಾವು ಸ್ಕೂಲಿಗೆ ಕಳಿಸೋದು ಗಣಿತ ಕಲೀಲಿ ಅಂತ, ಇದೆಲ್ಲ ಯಾಕೆ ಬೇಕು ಅನ್ನುವವರು ಇನ್ನೊಂದು ಕಡೆ. ನಮ್ಮವರಲ್ಲಿ ಈ ಎರಡನೇ ಪಂಗಡ ಸ್ವಲ್ಪ ದೊಡ್ಡದು, ಅದು ನಿಮಗೂ ಗೊತ್ತಿರುವ ವಿಷಯವೇ. ಈ ಎರಡರ ನಡುವೆ ಬಾಯಿಬಿಡದ ಮೂರನೆಯವರು ಒಬ್ಬರಿರುತ್ತಾರೆ. ಭಾನುವಾರ ರಾತ್ರಿ ಹತ್ತು ಗಂಟೆಗೆ ಬೀರು ತೆರೆದು, ನೀಲಿ ಬಣ್ಣದ್ದು ಏನಾದರೂ ಇದೆಯಾ ಅಂತ ಹುಡುಕುತ್ತಾ ನಿಂತಿರುವವರು.

ಸಿಯಾಟಲ್ ಸುತ್ತಮುತ್ತ ಈ ಜಗಳಕ್ಕೆ ಹಳೆಯ ಚರಿತ್ರೆಯಿದೆ. 2004ರಲ್ಲಿ ಇಲ್ಲಿಂದ ದಕ್ಷಿಣಕ್ಕಿರುವ ಪ್ಯುಆಲಪ್ ಊರಿನ ಶಾಲಾ ಜಿಲ್ಲೆ ಶಾಲೆಯ ಸಮಯದಲ್ಲಿ ಹ್ಯಾಲೊವೀನ್ ಆಚರಣೆ ಬೇಡ ಎಂದು ತೀರ್ಮಾನಿಸಿತು. ಕೊಟ್ಟ ಕಾರಣ ಮೂರು. ಪಾಠದ ಹೊತ್ತು ಹಾಳಾಗುತ್ತದೆ. ವೇಷದ ಬಟ್ಟೆ ಕೊಳ್ಳುವುದು ಕೆಲವು ಮನೆಗಳಿಗೆ ಆಗುವುದಿಲ್ಲ. ಮೊನಚು ಟೋಪಿಯ ಮಾಟಗಾತಿಯ ವೇಷದಿಂದ ವಿಕ್ಕನ್ ಧರ್ಮದವರಿಗೆ ನೋವಾಗಬಹುದು. ಪತ್ರಿಕೆಗಳಿಗೆ ರುಚಿಸಿದ್ದು ಮೂರನೆಯದು. ದೇಶವೆಲ್ಲ ಅದನ್ನೇ ಹಿಡಿದುಕೊಂಡು ನಕ್ಕಿತು, ಎರಡನೆಯ ಕಾರಣ ಯಾರಿಗೂ ನೆನಪಿರಲಿಲ್ಲ. ಹದಿನೇಳು ವರ್ಷದ ನಂತರ, 2021ರಲ್ಲಿ, ಸಿಯಾಟಲ್‌ನ ಫ್ರೀಮಾಂಟ್ ಬಡಾವಣೆಯ ಬೆಂಜಮಿನ್ ಫ್ರಾಂಕ್ಲಿನ್ ಡೇ ಶಾಲೆ ಪ್ರತಿವರ್ಷದ ಪಂಪ್ಕಿನ್ ಪರೇಡನ್ನು ನಿಲ್ಲಿಸಿತು. ನಂಬಿಕೆ, ಹಣಕಾಸು, ಬದುಕಿನ ಅನುಭವ ಇವುಗಳ ಕಾರಣದಿಂದ ಕೆಲವು ಮಕ್ಕಳು ಹೊರಗೆ ಉಳಿಯುತ್ತಾರೆ, ವೇಷದ ದಿನ ಅವರಿಗೆ ಮುಜುಗರದ ದಿನ ಅಂತ ಶಾಲೆ ಹೇಳಿತು. ಮತ್ತೆ ಅದೇ ಗದ್ದಲ. ರೇಡಿಯೋ, ಟಿವಿ, ಎಡ, ಬಲ.

ಈ ಎರಡು ತೀರ್ಮಾನಗಳನ್ನೂ ನಾನು ಒಪ್ಪುವುದಿಲ್ಲ. ಆದರೆ ಅವರು ಕಂಡ ಮಗು ಕಟ್ಟುಕಥೆ ಅಂತ ಮಾತ್ರ ದಯವಿಟ್ಟು ಹೇಳಬೇಡಿ.

ಒಪ್ಪದಿರುವುದಕ್ಕೆ ಕಾರಣ ನಮ್ಮ ಗಾದೆಯಲ್ಲೇ ಇದೆ: ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ತಾರಾ? ತತ್ವಶಾಸ್ತ್ರದವರು ಇದನ್ನೇ ಬೇರೆ ಥರ ಕೇಳುತ್ತಾರೆ. ಇಂಗ್ಲೆಂಡಿನ ಡೆರಿಕ್ ಪಾರ್ಫಿಟ್ ಸಮಾನತೆಯನ್ನೇ ಗುರಿ ಅಂದುಕೊಂಡವರ ಮುಂದೆ ಒಂದು ಒಗಟು ಇಟ್ಟರು. ಲೋಕದಲ್ಲಿ ಕೆಲವರು ಕುರುಡರು. ಕಣ್ಣಿದ್ದವರ ಕಣ್ಣನ್ನೂ ಕಿತ್ತರೆ ಎಲ್ಲರೂ ಸಮಾನರಾಗುತ್ತಾರೆ, ಆದರೆ ಯಾವ ಕುರುಡನಿಗೆ ಏನು ಸಿಕ್ಕಿತು? ಪರೇಡ್ ನಿಂತ ದಿನ ವೇಷವಿಲ್ಲದ ಮಗುವಿಗೆ ವೇಷ ಸಿಗಲಿಲ್ಲ. ಬೀದಿಯಲ್ಲಿ ಅದೇ ಹ್ಯಾಲೊವೀನ್, ಅದೇ ಬಟ್ಟೆ, ಅದೇ ಅಂತರ. ತಮಾಷೆಯೇನು ಅಂದ್ರೆ, ಆ ಶಾಲೆ ಇರುವ ಫ್ರೀಮಾಂಟ್ ಈ ಊರಿನಲ್ಲೇ ಅತಿ ಹೆಚ್ಚು ವೇಷದ ಹುಚ್ಚಿರುವ ಬಡಾವಣೆ. ರೈಲಿಗೆ ಕಾಯುತ್ತಾ ನಿಂತ ಜನರ ಅಲ್ಯೂಮಿನಿಯಂ ಪ್ರತಿಮೆಗಳು ಅಲ್ಲಿವೆ, ನೋಡಿರುತ್ತೀರಿ. ಯಾರದೋ ಹುಟ್ಟುಹಬ್ಬ ಬಂದರೆ, ಮ್ಯಾಚ್ ಗೆದ್ದರೆ, ಜನ ಹೋಗಿ ಆ ಪ್ರತಿಮೆಗಳಿಗೆ ಟೋಪಿ, ಸ್ಕಾರ್ಫು, ಲಂಗ ತೊಡಿಸಿ ಬರ್ತಾರೆ.

ಇನ್ನು ಆ ಮಗುವಿನ ವಿಷಯ. ಕಡ್ಡಾಯವಲ್ಲ ಎಂಬ ಮಾತು ಆಡಳಿತದ ದೃಷ್ಟಿಯಲ್ಲಿ ನಿಜ. ತರಗತಿಯೊಳಗೆ ಅದು ನಿಜವಾ? ಯೋಚಿಸಿ. ಇಪ್ಪತ್ತೆರಡು ಮಕ್ಕಳು ಪೈಜಾಮಾದಲ್ಲಿ ಬಂದಿದ್ದಾರೆ, ಒಬ್ಬ ಜೀನ್ಸ್ ಮತ್ತು ಶರ್ಟಿನಲ್ಲಿ ಬಂದಿದ್ದಾನೆ. ಆ ಕೋಣೆಯಲ್ಲಿ ವೇಷ ಹಾಕಿರುವವನು ಯಾರು? ನಿನ್ನೆಯವರೆಗೆ ಯಾರ ಕಣ್ಣಿಗೂ ಬೀಳದಿದ್ದ ಬಟ್ಟೆ ಇವತ್ತು ಎಲ್ಲರ ಕಣ್ಣಿಗೂ ಬೀಳುತ್ತದೆ. ವೇಷ ಹಾಕದವನೇ ಅವತ್ತು ವೇಷಧಾರಿ, ಮತ್ತು ಅವನು ಅದನ್ನು ಬೇಕು ಅಂತ ಆರಿಸಿಕೊಂಡಿಲ್ಲ.

ಇದನ್ನು ಮೊದಲು ಗುರುತಿಸಿದವರಲ್ಲಿ ಒಬ್ಬ, ನಂಬಿದರೆ ನಂಬಿ, ಮಾರುಕಟ್ಟೆ ಅರ್ಥಶಾಸ್ತ್ರದ ಪಿತಾಮಹ ಆಡಮ್ ಸ್ಮಿತ್. 1776ರ ವೆಲ್ತ್ ಆಫ್ ನೇಷನ್ಸ್‌ನಲ್ಲಿ ಅಗತ್ಯ ವಸ್ತು ಅಂದರೇನು ಅನ್ನುವ ಚರ್ಚೆ ಬರುತ್ತದೆ. ಲಿನನ್ ಬಟ್ಟೆಯ ಅಂಗಿ ಬದುಕಲಿಕ್ಕೆ ಬೇಕೇ ಬೇಕಾದದ್ದೇನಲ್ಲ, ಗ್ರೀಕರೂ ರೋಮನ್ನರೂ ಅದಿಲ್ಲದೆ ಸುಖವಾಗಿದ್ದರು ಅನ್ನುತ್ತಾನೆ. ಆದರೆ ತನ್ನ ಕಾಲದ ಯುರೋಪಿನಲ್ಲಿ ಮರ್ಯಾದಸ್ಥ ಕೂಲಿಕಾರನೊಬ್ಬ ಆ ಅಂಗಿಯಿಲ್ಲದೆ ನಾಲ್ಕು ಜನರೆದುರು ಬರಲು ನಾಚುತ್ತಾನೆ, ಹಾಗಾಗಿ ಅದು ಅಗತ್ಯ ವಸ್ತುವೇ ಎಂದು ಲೆಕ್ಕ ಹಾಕುತ್ತಾನೆ. ಅಮರ್ತ್ಯ ಸೇನ್ ಬಡತನದ ಬಗ್ಗೆ ಬರೆಯುವಾಗ ಈ ಅಂಗಿಯನ್ನು ಮತ್ತೆ ಮತ್ತೆ ಎತ್ತಿ ತೋರಿಸುವುದು ಇದಕ್ಕೇ. ನಾಚಿಕೆಯಿಲ್ಲದೆ ನಾಲ್ಕು ಜನರ ನಡುವೆ ನಿಲ್ಲುವುದಕ್ಕೆ ಎಷ್ಟು ಬೇಕು ಅನ್ನುವುದನ್ನು ಸುತ್ತಲಿನವರು ನಿರ್ಧರಿಸುತ್ತಾರೆ. ಸ್ಪಿರಿಟ್ ವೀಕ್ ಆ ಮಟ್ಟವನ್ನು ಐದು ದಿನ, ದಿನಕ್ಕೊಂದು ಥರ, ಏರಿಸುತ್ತದೆ. ಸೀಹಾಕ್ಸ್‌ನ ಒರಿಜಿನಲ್ ಜೆರ್ಸಿಯ ಬೆಲೆ ನೂರು ಡಾಲರ್ ದಾಟುತ್ತದೆ, ಹಾಕಿಕೊಳ್ಳುವ ಮಗು ಎರಡು ವರ್ಷದಲ್ಲಿ ಬೆಳೆದುಬಿಡುತ್ತದೆ.

ಕರ್ನಾಟಕದಲ್ಲಿ ಓದಿದ ನಮಗೆ ಇದು ಹೊಸದೇನಲ್ಲ. ಯೂನಿಫಾರ್ಮ್ ಇರುವ ಶಾಲೆಯಲ್ಲಿ ಹುಟ್ಟುಹಬ್ಬದ ಮಗು ಮಾತ್ರ ಕಲರ್ ಡ್ರೆಸ್ ಹಾಕಿಕೊಂಡು ಬರಬಹುದು, ಕ್ಲಾಸಿಗೆಲ್ಲ ಚಾಕಲೇಟ್ ಹಂಚಬಹುದು. ಸರ್ಕಾರ ವಿದ್ಯಾವಿಕಾಸ ಯೋಜನೆಯಲ್ಲಿ ಸಮವಸ್ತ್ರ ಕೊಡುತ್ತದೆ, ಕಲರ್ ಡ್ರೆಸ್ ಕೊಡುವುದಿಲ್ಲ. ನಿಮ್ಮ ಕ್ಲಾಸಿನಲ್ಲಿ ಹುಟ್ಟುಹಬ್ಬದ ದಿನ ಮಾತ್ರ ಗೈರುಹಾಜರಾಗುತ್ತಿದ್ದ ಹುಡುಗ ಇದ್ದನಾ? ನಮ್ಮಲ್ಲಿ ಇದ್ದ.

ಆದರೆ ದುಡ್ಡೊಂದನ್ನೇ ಲೆಕ್ಕ ಹಾಕಿದರೆ ಅರ್ಧ ಲೆಕ್ಕ ಆದೀತು. ಕಾಲುಚೀಲಕ್ಕೆ ಏನು ಖರ್ಚು? ಕೂದಲು ಕೆದರಿಕೊಳ್ಳೋದು ಪುಕ್ಕಟೆ. ಇಲ್ಲಿ ಖರ್ಚಾಗುವುದು ನೆನಪು ಮತ್ತು ಬಿಡುವು. ಇಂಗ್ಲಿಷಿನ ಆರನೇ ಇಮೇಲನ್ನು ಓದಿ, ಕ್ಯಾಲೆಂಡರಿಗೆ ಹಾಕಿ, ಮಂಗಳವಾರ ಬೆಳಿಗ್ಗೆ ಏಳಕ್ಕೆ ಮಗುವಿನ ತಲೆಗೆ ಪೈಪ್ ಕ್ಲೀನರ್ ಸಿಕ್ಕಿಸಲು ಮನೆಯಲ್ಲಿ ಒಬ್ಬರು ಇರಬೇಕು. ಸೀಟ್ಯಾಕ್ ಏರ್‌ಪೋರ್ಟಿನಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ತಾಯಿಗೆ ಆ ಏಳು ಗಂಟೆ ಎಲ್ಲಿಂದ ಬರಬೇಕು? ನಮ್ಮಲ್ಲೂ ಅಷ್ಟೇ. ಇಬ್ಬರೂ ಕೆಲಸ ಮಾಡುವ ಮನೆಗಳಲ್ಲಿ ಈ ಇಮೇಲ್ ಓದುವವರು ಯಾರು ಅಂತ ಒಮ್ಮೆ ಸುತ್ತ ನೋಡಿ. ಅಪ್ಪಂದಿರು ಓದುವ ಮನೆಗಳೂ ಇವೆ, ಬೆರಳೆಣಿಕೆಯಷ್ಟು.

ಟ್ವಿನ್ ಡೇ ಅಂತೂ ಬೇರೆಯೇ ಜಾತಿ. ಅದಕ್ಕೆ ಒಂದು ಡಾಲರೂ ಬೇಡ, ಬಿಳಿ ಅಂಗಿ ಇಬ್ಬರ ಮನೆಯಲ್ಲೂ ಇರುತ್ತದೆ. ಬೇಕಾದದ್ದು ನಿನ್ನ ಅವಳಿ ನಾನಾಗ್ತೀನಿ ಅನ್ನುವ ಒಬ್ಬ ಗೆಳೆಯ. ಆಗಸ್ಟಿನಲ್ಲಿ ವಿಮಾನ ಇಳಿದು ಸೆಪ್ಟೆಂಬರಿನಲ್ಲಿ ಮೂರನೇ ತರಗತಿಗೆ ಸೇರಿದ ಮಗುವಿಗೆ ಅಕ್ಟೋಬರಿನ ಗುರುವಾರ ಅವಳಿ ಎಲ್ಲಿ ಸಿಗಬೇಕು? ಯಾರಿಗೆ ಯಾರೂ ಇಲ್ಲ ಅನ್ನುವುದನ್ನು ಇಷ್ಟು ಸ್ಪಷ್ಟವಾಗಿ, ಬಣ್ಣ ಬಣ್ಣವಾಗಿ, ಇಡೀ ಶಾಲೆಗೆ ತೋರಿಸುವ ಇನ್ನೊಂದು ವಿಧಾನ ನನಗೆ ಹೊಳೆಯುತ್ತಿಲ್ಲ. ಇದಕ್ಕೆ ಆಟ ಅಂತ ಹೆಸರು! ಡಚ್ ಚರಿತ್ರಕಾರ ಯೋಹಾನ್ ಹೌಝಿಂಗಾ ಆಟದ ಬಗ್ಗೆಯೇ 1938ರಲ್ಲಿ ಹೋಮೋ ಲೂಡೆನ್ಸ್ ಎಂಬ ದೊಡ್ಡ ಪುಸ್ತಕ ಬರೆದ. ಆಟದ ಮೊದಲ ಲಕ್ಷಣ ಸ್ವಇಚ್ಛೆ, ಅಪ್ಪಣೆ ಮೇರೆಗೆ ಆಡಿದ್ದು ಆಟವಲ್ಲ ಎನ್ನುವುದು ಅವನ ವಾದ. ಬಾರದಿದ್ದರೆ ಒಂಟಿಯಾಗುವ ಭಯದಿಂದ ಆಡಿದ್ದಕ್ಕೂ ಅದನ್ನೇ ಹೇಳಬಹುದು.

ಇಲ್ಲಿ ನಮ್ಮ ಕಡೆಯ ವೇಷವನ್ನು ಸ್ವಲ್ಪ ನೆನೆಸಿಕೊಳ್ಳೋಣ. ವೇಷ ನಮಗೆ ಪರಕೀಯವಲ್ಲ. ಹಗಲುವೇಷದವರು, ಯಕ್ಷಗಾನದ ಹಾಸ್ಯಗಾರ, ಉಡುಪಿಯ ಅಷ್ಟಮಿಯ ಹುಲಿವೇಷ, ಶಾಲೆಯ ಛದ್ಮವೇಷ ಸ್ಪರ್ಧೆ, ಇಲ್ಲಿನ ರಾಜ್ಯೋತ್ಸವದಲ್ಲಿ ಒನಕೆ ಹಿಡಿದು ಮಾತು ಮರೆತು ನಿಲ್ಲುವ ಪುಟ್ಟ ಓಬವ್ವ. ಉಡುಪಿ ಬಳಿಯ ಕಟಪಾಡಿಯ ರವಿ ಅವರ ಸುದ್ದಿ ನೀವು ಓದಿರಬಹುದು. ಕಟ್ಟಡ ಕೆಲಸದ ಕೂಲಿಕಾರ. ಪ್ರತಿ ಅಷ್ಟಮಿಗೆ ಗಂಟೆಗಟ್ಟಲೆ ಬಣ್ಣ ಬಳಿಸಿಕೊಂಡು ವಿಚಿತ್ರ ರಾಕ್ಷಸನಾಗಿ ಬೀದಿಗಿಳಿದು, ಬಂದ ಹಣವನ್ನು ಕಾಯಿಲೆ ಬಿದ್ದ ಮಕ್ಕಳ ಚಿಕಿತ್ಸೆಗೆ ಕೊಡುತ್ತಾ ಬಂದವರು. ಇಲ್ಲೆಲ್ಲ ಒಂದು ಏರ್ಪಾಡಿದೆ, ಗಮನಿಸಿ. ವೇಷ ಹಾಕಿದವನು ತನ್ನನ್ನು ತಾನು ನಗೆಗೆ ಒಡ್ಡಿಕೊಳ್ಳುತ್ತಾನೆ. ನೋಡುವವನು ಬಂದ ಬಟ್ಟೆಯಲ್ಲೇ ನಿಂತು ನಗಬಹುದು, ಹೆದರಬಹುದು, ಮನಸ್ಸಿದ್ದರೆ ಹತ್ತು ರೂಪಾಯಿ ಹಾಕಬಹುದು. ಶ್ರಮ, ಬೆವರು, ಮುಜುಗರ ಎಲ್ಲ ವೇಷದವನ ಪಾಲು. ನೋಡುವವನಿಗೆ ಯಾವ ಸಾಲವೂ ಇಲ್ಲ. ಸ್ಪಿರಿಟ್ ವೀಕ್‌ನಲ್ಲಿ ಇದು ತಲೆಕೆಳಗಾಗುತ್ತದೆ. ಎಲ್ಲರೂ ವೇಷದವರೇ, ನೋಡುವವರಿಗೆ ಅಂತ ಜಾಗವೇ ಇಲ್ಲ, ಹಾಗಾಗಿ ವೇಷವಿಲ್ಲದವನು ತಾನಾಗಿಯೇ ನಗೆಯ ಎದುರಿಗೆ ಬಂದು ನಿಲ್ಲುತ್ತಾನೆ.

(ಊರಿನ ಛದ್ಮವೇಷವನ್ನೂ ಅಟ್ಟಕ್ಕೇರಿಸುವುದು ಬೇಡ. ಬೆಂಗಳೂರಿನಲ್ಲಿ ಕೃಷ್ಣನ ಕಿರೀಟಕ್ಕೆ ಬಾಡಿಗೆ ಅಂಗಡಿ ಮುಂದೆ ನಿಂತವರಿಗೆ ಅಲ್ಲಿನ ಪೇಚಾಟವೂ ಗೊತ್ತು. ಆದರೂ ಅಲ್ಲಿ ವೇದಿಕೆಗೆ ಹತ್ತುವವರು ಹತ್ತು ಮಕ್ಕಳು, ಉಳಿದವರು ಚಪ್ಪಾಳೆ ತಟ್ಟಬಹುದು.)

ಹಾಗಾದರೆ ಈ ದಿನಗಳನ್ನು ಉಳಿಸಲು ನನಗೇಕೆ ಆಸೆ? ಕಾರಣ ಶಾಲೆಯ ನೂರನೇ ದಿನ. ಇಲ್ಲಿ ಫೆಬ್ರವರಿ ಹೊತ್ತಿಗೆ ಶಾಲೆ ಶುರುವಾಗಿ ನೂರು ದಿನವಾಗುತ್ತದೆ, ಕಿಂಡರ್‌ಗಾರ್ಟನ್ ಮಕ್ಕಳು ನೂರು ವರ್ಷದ ಮುದುಕ ಮುದುಕಿಯರಾಗಿ ಬರುತ್ತಾರೆ. ಒಂದು ವರ್ಷ ನಮ್ಮಮ್ಮ ಆರು ತಿಂಗಳಿಗೆಂದು ಬಂದವರು ಮನೆಯಲ್ಲಿದ್ದರು. ಮಗಳು ಹೋಗಿ, ಅಜ್ಜಿ, ನಿಮ್ಮ ಶಾಲು ಕನ್ನಡಕ ಕೊಡಿ, ನಾನು ಓಲ್ಡ್ ಲೇಡಿ ಆಗ್ಬೇಕು ಅಂದಳು. ಅಮ್ಮ, ‘ಹಂಗಾದ್ರೆ ನಾನು ದಿನಾ ವೇಷ ಹಾಕ್ಕೊಂಡಿದೀನಾ?’ ಅಂತ ಕೇಳಿದರು. ನನಗೆ ಒಂದು ಕ್ಷಣ ಕಸಿವಿಸಿ. ಆಮೇಲೆ ನೋಡಿದರೆ ಅಮ್ಮನೇ ಎದ್ದು ತರಬೇತಿ ಶುರುಮಾಡಿದ್ದಾರೆ. ‘ಹಂಗಲ್ಲ ಕಣೆ, ಒಂದು ಕೈ ಸೊಂಟದ ಮೇಲೆ ಇಟ್ಕೋ. ಕೂತ್ಕೊಳ್ಳುವಾಗ ಅಯ್ಯಪ್ಪಾ ಅನ್ಬೇಕು.’ ಅವಳು ಶಾಲೆಯಲ್ಲಿ ದಿನವಿಡೀ ಕೂತಾಗ ಎದ್ದಾಗ ಅಯ್ಯಪ್ಪಾ ಅಂದಳಂತೆ. ಮಧ್ಯಾಹ್ನದ ಹೊತ್ತಿಗೆ ಅರ್ಧ ಕ್ಲಾಸು ಅಯ್ಯಪ್ಪಾ ಅನ್ನುತ್ತಿತ್ತು.

ಮಗುವೊಂದು ಒಂದು ದಿನ ಬೇರೆ ದೇಹದಲ್ಲಿ ನಡೆದು ನೋಡುವುದು, ಟೀಚರ್ ತಲೆಯ ಮೇಲೆ ಎರಡು ಜುಟ್ಟು ಕಂಡು ಇವರೂ ನಮ್ಮ ಹಾಗೇನೇ ಅಂದುಕೊಳ್ಳುವುದು, ಇವು ಸಣ್ಣ ವಿಷಯಗಳಲ್ಲ. ಅದನ್ನು ಕಿತ್ತುಕೊಂಡು ಆ ಹೊತ್ತಿನಲ್ಲಿ ಎಲೆಯುದುರುವ ಋತುವಿನ ಪಾಠ ಹೇಳಿಕೊಟ್ಟರೆ ನ್ಯಾಯ ಸಿಕ್ಕಿತು ಅಂತ ನನಗೆ ಅನ್ನಿಸುವುದಿಲ್ಲ.

ದಾರಿ ಬೇಕಿದ್ದರೆ ಮತ್ತೆ ಫ್ರೀಮಾಂಟ್‌ಗೇ ಹೋಗಬಹುದು. ಅಲ್ಲಿ 1989ರಿಂದ ಜೂನ್ ತಿಂಗಳಲ್ಲಿ ಸಾಲ್‌ಸ್ಟಿಸ್ ಪರೇಡ್ ನಡೆಯುತ್ತದೆ. (ಹೌದು, ಮೈಗೆ ಬಣ್ಣ ಮಾತ್ರ ಬಳಿದುಕೊಂಡು ಸೈಕಲ್ ಹೊಡೆಯುವವರ ಪರೇಡೇ. ಅದನ್ನು ಶಾಲೆಗೆ ತನ್ನಿ ಅಂತ ಹೇಳ್ತಿಲ್ಲ.) ಅದರ ನಿಯಮಗಳಲ್ಲಿ ಒಂದು ನನಗೆ ತುಂಬಾ ಇಷ್ಟ: ಅಕ್ಷರ ಇರಬಾರದು, ಲೋಗೋ ಇರಬಾರದು. ಅಂದರೆ ಅಂಗಡಿಯಿಂದ ಕೊಂಡ ಹೆಸರನ್ನು ಎದೆಯ ಮೇಲೆ ಹಾಕಿಕೊಂಡು ಬರುವಂತಿಲ್ಲ. ಅದೊಂದೇ ನಿಯಮ ಶುಕ್ರವಾರದ ಜೆರ್ಸಿಯನ್ನು ಇತ್ಯರ್ಥ ಮಾಡುತ್ತದೆ. ನೀಲಿ ಕಾಗದ, ಹಸಿರು ದಾರ, ಅಂಟು ಶಾಲೆಯಲ್ಲಿ ಇವೆ. ಬೆಳಿಗ್ಗೆ ಅರ್ಧ ಗಂಟೆ ಎಲ್ಲರೂ ಕೂತು ಟೋಪಿ ಮಾಡಿದರೆ ಇಮೇಲ್ ಓದದ ಮನೆಯ ಮಗುವಿನ ತಲೆಯ ಮೇಲೂ ಟೋಪಿ ಇರುತ್ತದೆ. ಬೇಡ ಅನ್ನುವ ಮಗು ಟೋಪಿ ಪಕ್ಕಕ್ಕಿಟ್ಟು ಕೂರಬಹುದು. ಆಗ ಕಡ್ಡಾಯವಲ್ಲ ಎಂಬ ಸಾಲು ಮೊದಲ ಸಲ ನಿಜವಾಗುತ್ತದೆ, ಯಾಕಂದರೆ ಅವನ ಬಳಿ ಟೋಪಿ ಇದೆ.

ಶಿಕ್ಷಕರಿಗೆ ಕೆಲಸ ಹೆಚ್ಚಾಗುತ್ತದೆ ಅನ್ನುವಿರಿ. ಹೆಚ್ಚಾಗುತ್ತದೆ. ಈಗ ಆ ಕೆಲಸ ನಾನೂರು ಮನೆಗಳ ಭಾನುವಾರ ರಾತ್ರಿಗೆ ಹಂಚಿಹೋಗಿದೆ, ಹಾಗಾಗಿ ಯಾರ ಲೆಕ್ಕಕ್ಕೂ ಬರುತ್ತಿಲ್ಲ, ಅಷ್ಟೇ. ಪಿಟಿಎ ಪಾಲಕರು ಬಂದು ಟೋಪಿ ಕತ್ತರಿಸಲಿ. ಗಣಿತದ ಪಂಗಡದವರು ಬಂದರೆ ಇನ್ನೂ ಒಳ್ಳೆಯದು, ಕೋನ ಅಳೆಯುವ ಕೆಲಸ ಇದೆ.

ನೀವು ನಿಮ್ಮ ಶಾಲೆಯಲ್ಲಿ ಕೇಳುವುದಿದ್ದರೆ ಎಲ್ಲವನ್ನೂ ಒಟ್ಟಿಗೆ ಕೇಳಬೇಡಿ, ಸಭೆ ಹಾಳಾಗುತ್ತದೆ. ನಾನು ಮುಂದಿನ ಸಭೆಯಲ್ಲಿ ಕೇಳಬೇಕೆಂದಿರುವುದು ಎರಡೇ. ಟ್ವಿನ್ ಡೇ ಬೇಡ. ಅದರ ಜಾಗದಲ್ಲಿ ಇಡೀ ಕ್ಲಾಸು ಒಂದೇ ಬಣ್ಣದ ಕಾಗದದ ಪಟ್ಟಿಯನ್ನು ಕೈಗೆ ಕಟ್ಟಿಕೊಳ್ಳಲಿ, ಇಪ್ಪತ್ತಮೂರು ಅವಳಿಗಳು. ಮತ್ತೆ ನೂರನೇ ದಿನಕ್ಕೆ ಬಿಡುವಿರುವ ಅಜ್ಜಿ ತಾತಂದಿರನ್ನು ಕ್ಲಾಸಿಗೆ ಕರೆಯಲಿ, ಸೊಂಟ ಹಿಡಿದುಕೊಳ್ಳುವುದು ಹೇಗೆ ಅಂತ ಅವರೇ ತೋರಿಸ್ತಾರೆ.